ಒಂದು ಕಟ್ಟುಹಾವಿನ ಕೇಸ್ ಬರೆಯಲು ಹೋಗಿ

ಎರಡೂವರೆ ಪುಟದ ಬರಹ. ಅದಕ್ಕೆ ಹಿಡಿದದ್ದು ಒಂಬತ್ತು ತಿಂಗಳು. ಡಾಕ್ಟರುಗಳು ಅದನ್ನು ಕೇಸ್ ರಿಪೋರ್ಟ್ ಅಂತಾರೆ. ಒಬ್ಬ ರೋಗಿಗೆ ಏನಾಯಿತು, ನಾವು ಏನು ಮಾಡಿದೆವು, ಅದರಿಂದ ಬೇರೆ ಡಾಕ್ಟರುಗಳಿಗೆ ಏನು ಉಪಯೋಗ, ಇಷ್ಟೇ ಅದರಲ್ಲಿ ಇರುವುದು. ನಾನು ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂ.ಡಿ. ಓದುತ್ತಿದ್ದೇನೆ. ಇದು ನಾನು ಬರೆದ ಮೊದಲ ರಿಪೋರ್ಟ್. ಬರೆಯುವುದಕ್ಕೆ ಕೂತಾಗ ಆ ಕೇಸು ನನಗೆ ಪೂರ್ತಿ ಗೊತ್ತಿದೆ ಅಂದುಕೊಂಡಿದ್ದೆ. ಅರ್ಧ ಮಾತ್ರ ಗೊತ್ತಿತ್ತು.

ಜುಲೈ ತಿಂಗಳು. ಬೆಳಗಿನ ಜಾವ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. 108 ಆಂಬುಲೆನ್ಸ್ ಬಂದು ನಿಂತಿತು. ಒಳಗಿದ್ದ ಹುಡುಗ ಕೈಯಿಂದ ಒತ್ತಿ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಲೇ ಸ್ಟ್ರೆಚರ್ ಜೊತೆ ಓಡಿಬಂದ. ರೋಗಿ ಮೂವತ್ತು ದಾಟಿದ ಗಟ್ಟಿಮುಟ್ಟಾದ ರೈತ. ಉಸಿರಾಟ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಕರೆದರೆ ಓಗೊಡಲಿಲ್ಲ. ಎದೆಯ ಮೂಳೆ ಮೇಲೆ ಗೆಣ್ಣಿನಿಂದ ಒತ್ತಿದರೆ ಬೆರಳೂ ಅಲುಗಲಿಲ್ಲ. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟೆ. ಕಣ್ಣಪಾಪೆ ಎರಡೂ ದೊಡ್ಡದಾಗಿ ಅರಳಿದ್ದವು. ಬೆಳಕಿಗೆ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದೆವು. ಬಿಪಿ ಇತ್ತು, ಶುಗರ್ ಸರಿಯಿತ್ತು. ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರೆ ರಕ್ತಸ್ರಾವ ಇಲ್ಲ, ಊತ ಇಲ್ಲ. ಕೀಟನಾಶಕ ಕುಡಿದಿರಬಹುದಾ? ನಮ್ಮ ಕಡೆ ಮೊದಲು ಬರುವ ಅನುಮಾನ ಅದೇ. ಆದರೆ ಬಾಯಲ್ಲಿ ಔಷಧಿಯ ವಾಸನೆ ಇಲ್ಲ, ಜೊಲ್ಲಿಲ್ಲ. ಆ ವಿಷದಲ್ಲಿ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತೆ, ಇಲ್ಲಿ ಅದರ ತದ್ವಿರುದ್ಧ.

ಹೊರಗೆ ಅವರ ಹೆಂಡತಿ ಗೋಡೆಗೆ ಒರಗಿ ನಿಂತಿದ್ದರು. ರಾತ್ರಿ ಎರಡೂವರೆಗೆ ಗಂಡ ಹೊಟ್ಟೆನೋವು ಅಂತ ಫೋನ್ ಮಾಡಿದರಂತೆ. ಬೈಕಲ್ಲಿ ಮನೆಗೆ ಬಂದು ಎರಡು ಸಲ ವಾಂತಿ ಮಾಡಿದರಂತೆ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಆಮೇಲೆ ಗಂಟಲು ಬಿಗಿಯುತ್ತೆ ಅಂದರಂತೆ. ಮಾತು ತೊದಲಿತು. "ನಿದ್ದೆ ಬಂದೋರ ಥರ ಕಣ್ಣು ಮುಚ್ಚಿ ಮುಚ್ಚಿ ಹೋಗ್ತಿತ್ತು ಮೇಡಂ. ಕೈಯಿಂದ ರೆಪ್ಪೆ ಎತ್ಕೊಂಡು ನನ್ನ ನೋಡ್ತಿದ್ರು."

ಆ ಮಾತನ್ನು ನಾನು ಕೇಸ್ ಶೀಟ್‌ನಲ್ಲಿ ಬರೆದುಕೊಂಡೆ. ಆದರೆ ಅದರ ಅರ್ಥ ಹೊಳೆಯಲಿಲ್ಲ. ಹೊಳೆದದ್ದು ನಮ್ಮ ಸೀನಿಯರ್ ಸರ್‌ಗೆ. ಅವರು ಬಂದವರೇ ಹೆಂಡತಿಯನ್ನು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ರಾತ್ರಿ ಇವರು ಎಲ್ಲಿ ಮಲಗಿದ್ರು?"

"ಪಂಪ್‌ಸೆಟ್ ಮನೇಲಿ ಸಾರ್. ನಮ್ಗೆ ತ್ರೀ ಫೇಸ್ ಕರೆಂಟ್ ರಾತ್ರಿನೇ ಕೊಡೋದು."

"ಮಂಚದ ಮೇಲಾ, ನೆಲದ ಮೇಲಾ?"

"ನೆಲದ ಮೇಲೇನೇ. ಗೋಣಿಚೀಲ ಹಾಸ್ಕೊಂಡು."

ಸರ್ ನನ್ನ ಕಡೆ ತಿರುಗಿದರು. "ಕಟ್ಟುಹಾವು. ಎಎಸ್‌ವಿ ಕಲಸಿ." ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ.

ಕಪ್ಪು ಮೈಗೆ ತೆಳು ಬಿಳಿ ಪಟ್ಟಿಗಳ ಈ ಹಾವು ರಾತ್ರಿ ಓಡಾಡುವಂಥದ್ದು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತೆ. ಹಲ್ಲು ತೀರಾ ಸಣ್ಣದು. ಎಷ್ಟೋ ಸಲ ನೋವಿರಲ್ಲ, ಊತ ಇರಲ್ಲ, ಗುರುತೂ ಸಿಗಲ್ಲ. ಸಿಗುವುದು ಹೊಟ್ಟೆನೋವು, ವಾಂತಿ, ಆಮೇಲೆ ಜೋತುಬೀಳುವ ರೆಪ್ಪೆ. ಅದಕ್ಕೇ ಆ ಕ್ಲಿನಿಕ್‌ನವರನ್ನು ದೂರಲು ನನಗೆ ಮನಸ್ಸಿಲ್ಲ. ನಡುರಾತ್ರಿ ಹೊಟ್ಟೆನೋವು ಅಂತ ನಡೆದುಕೊಂಡು ಬಂದವನನ್ನು ನೋಡಿ ಹಾವು ಅಂತ ಯಾರಿಗೆ ಹೊಳೆಯುತ್ತೆ? ನಾವು ಅವರ ಮೈಯನ್ನು ಅಂಗಾಲಿನಿಂದ ಕಿವಿಯ ಹಿಂದಿನವರೆಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಹುಡುಕಿದೆವು. ಸೊಳ್ಳೆ ಕಚ್ಚಿದ ಗುರುತುಗಳು ಇದ್ದವು, ಮುಳ್ಳು ಗೀರಿದ್ದಿತ್ತು. ಹಾವು ಕಚ್ಚಿದ್ದು ಇಲ್ಲೇ ಅಂತ ಬೆರಳಿಟ್ಟು ತೋರಿಸುವ ಜಾಗ ಒಂದೂ ಇರಲಿಲ್ಲ. ಗಾಜಿನ ಟ್ಯೂಬ್‌ನಲ್ಲಿ ರಕ್ತ ಇಟ್ಟು 20 ನಿಮಿಷ ಕಾದೆವು. ಗಟ್ಟಿಯಾಗಿ ಹೆಪ್ಪುಗಟ್ಟಿತು. ಕೊಳಕುಮಂಡಲದ ವಿಷವಾಗಿದ್ದರೆ ರಕ್ತ ನೀರಾಗೇ ಇರುವ ಸಾಧ್ಯತೆ ಜಾಸ್ತಿ.

ನಮ್ಮ ದೇಶದಲ್ಲಿ ಸಿಗುವ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ಅಂತ ತಯಾರಾಗುವುದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆದು ಪುಡಿ ಮಾಡಿರುತ್ತಾರೆ. ಅದಕ್ಕೆ ಬೇಕಾದ ವಿಷದಲ್ಲಿ ಬಹುಪಾಲು ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಒಂದೊಂದು ಸೀಸೆಗೂ 10 ಎಂ.ಎಲ್. ನೀರು ಹಾಕಿ, ಕುಲುಕದೆ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ನೊರೆ ಬರುತ್ತೆ. ಸಿಸ್ಟರ್ ಮತ್ತು ನಾನು ಎದುರುಬದುರು ನಿಂತು ಹತ್ತು ಸೀಸೆ ಉರುಳಿಸಿದೆವು. ಅವಸರ ಇದ್ದಾಗ ಅಷ್ಟು ನಿಧಾನವಾಗಿ ಕೈ ಆಡಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅರ್ಧ ಹೋಗುವಷ್ಟರಲ್ಲಿ ಮೈಮೇಲೆ ದದ್ದು ಎದ್ದಿತು. ನಿಲ್ಲಿಸಿ, ಅಲರ್ಜಿ ಇಳಿಸಲು ಅಡ್ರಿನಲಿನ್ ಕೊಟ್ಟು, ಮತ್ತೆ ಶುರು ಮಾಡಿದೆವು. ಆಮೇಲೆ ಇನ್ನೂ ಹತ್ತು. ನರದ ವಿಷಕ್ಕೆ ಒಟ್ಟು 20 ಸೀಸೆಗಿಂತ ಜಾಸ್ತಿ ಕೊಡುವುದಿಲ್ಲ. ನರದ ಸುದ್ದಿ ಸ್ನಾಯುವಿಗೆ ಮುಟ್ಟಲು ನೆರವಾಗುವ ನಿಯೋಸ್ಟಿಗ್ಮಿನ್ ಅನ್ನೋ ಔಷಧಿ ಕೊಟ್ಟು ನೋಡಿದೆವು. ಏನೂ ಬದಲಾಗಲಿಲ್ಲ.

ಬದಲಾಗದಿರುವುದಕ್ಕೂ ಕಾರಣ ಇದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತೆ. ನರದಿಂದ ಸ್ನಾಯುವಿಗೆ ಸುದ್ದಿ ಹೋಗುವ ಜಾಗ ಅದು. ಒಮ್ಮೆ ತುದಿ ಹಾಳಾದ ಮೇಲೆ ಎಎಸ್‌ವಿ ಅದನ್ನು ರಿಪೇರಿ ಮಾಡಲಾರದು. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು. ತುದಿ ಹೊಸದಾಗಿ ಚಿಗುರಬೇಕು. ಅದಕ್ಕೆ ದಿನಗಳು ಬೇಕು, ಕೆಲವರಿಗೆ ವಾರಗಳು. ಅಲ್ಲಿಯವರೆಗೆ ಉಸಿರಾಟವನ್ನು ಮೆಷಿನ್ನೇ ನಡೆಸಬೇಕು. ಕಣ್ಣಪಾಪೆ ಕುಗ್ಗಿಸುವ ನರಕ್ಕೂ ಅದೇ ಗತಿ. ಅದಕ್ಕೇ ಬೆಳಕಿಗೆ ಅದು ಜಗ್ಗಲ್ಲ. ಆದರೆ ಮೆದುಳಿಗೆ ಈ ವಿಷ ಕೈ ಹಾಕುವುದಿಲ್ಲ.

ಪುಸ್ತಕದಲ್ಲಿ ನಾನಿದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮೂರನೇ ದಿನ ಹೆಂಡತಿಯ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಮೆದುಳು ಸತ್ತೋಗಿದೆ ಅಂತ ಯಾರೋ ಅಂದ್ರು. ಸುಮ್ನೆ ಮೆಷಿನ್ ಮೇಲೆ ಯಾಕೆ ಇಡ್ಬೇಕು? ಮನೆಗೆ ಕರ್ಕೊಂಡು ಹೋಗ್ತೀವಿ." ಮೆದುಳು ಸತ್ತಿದೆ ಅಂತ ಘೋಷಿಸುವುದು ಅಷ್ಟು ಸಲೀಸಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ಡಾಕ್ಟರುಗಳು ಸೇರಿ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಅದಕ್ಕೂ ಮೊದಲು ಸ್ನಾಯುಗಳನ್ನು ಸೋಲಿಸುವ ಔಷಧಿಯೋ ವಿಷವೋ ಮೈಯಲ್ಲಿಲ್ಲ ಅಂತ ಖಾತ್ರಿಯಾಗಬೇಕು. ನಮ್ಮಲ್ಲಿ ಯಾರೂ ಹಾಗೆ ಘೋಷಿಸಿರಲಿಲ್ಲ. ಆದರೆ ನಿಜವಾದ ಅಪಾಯ ಘೋಷಣೆಯಲ್ಲಿ ಇರಲಿಲ್ಲ. ಕಾರಿಡಾರಿನ ಇಂಥ ಮಾತುಗಳಲ್ಲಿ ಇತ್ತು. ಮನೆಯವರು ಸಹಿ ಹಾಕಿ ಕರೆದುಕೊಂಡು ಹೋದರೆ, ಟ್ಯೂಬ್ ತೆಗೆದ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು.

ಸರ್ ಅವತ್ತೇ ಇಇಜಿ ಮಾಡಿಸಿದರು. ಕಾಗದದ ಮೇಲಿದ್ದದ್ದು ಎಚ್ಚರವಾಗಿರುವ ಮನುಷ್ಯನ ಮೆದುಳಿನ ಅಲೆಗಳು. ಅದನ್ನು ಹಿಡಿದುಕೊಂಡೇ ಹೋಗಿ ಅಣ್ಣನವರಿಗೆ ತೋರಿಸಿದೆ. "ನೋಡಿ, ಒಳಗೆ ಎಚ್ಚರ ಇದೆ. ಮೈ ಮಾತ್ರ ಕಟ್ಟಿಹಾಕ್ದಂಗಾಗಿದೆ." ಅವರು ಆ ಗೆರೆಗಳನ್ನು ತುಂಬಾ ಹೊತ್ತು ನೋಡಿದರು. ಓದಲು ಬರದ ಪತ್ರವನ್ನು ನೋಡುವ ಹಾಗೆ. ಆಮೇಲೆ ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ.

ನಾಲ್ಕನೇ ದಿನ ಎಡಗಾಲಿನ ಹೆಬ್ಬೆರಳು ಅಲುಗಿತು. ಹೌದು ಅನ್ನೋದಕ್ಕೆ ಒಂದು ಸಲ, ಇಲ್ಲ ಅನ್ನೋದಕ್ಕೆ ಎರಡು ಸಲ ಅಂತ ಮಾತಾಡಿಕೊಂಡೆವು. ಒಂಬತ್ತನೇ ದಿನ ಟ್ಯೂಬ್ ತೆಗೆದೆವು. ಎರಡು ವಾರ ಕಳೆಯುವಷ್ಟರಲ್ಲಿ ಅವರು ನಡೆದುಕೊಂಡೇ ಮನೆಗೆ ಹೋದರು.

"ಬರೀರಿ ಇದನ್ನ," ಅಂದರು ಸರ್.

ಬರೆಯುವುದು ಅಂದರೆ ಮೊದಲು ಹುಡುಕುವುದು. ಹುಡುಕಿದರೆ ಭಾರತದಿಂದ, ಶ್ರೀಲಂಕಾದಿಂದ ಇಂಥವೇ ರಿಪೋರ್ಟುಗಳು ಎಷ್ಟೋ ಇದ್ದವು. ಗುರುತಿಲ್ಲದ ಕಡಿತ, ಅರಳಿದ ಪಾಪೆ, ಮೆದುಳು ಸತ್ತಿದೆ ಅನ್ನುವ ಅನುಮಾನ, ಆಮೇಲೆ ಪೂರ್ತಿ ಚೇತರಿಕೆ. ನನ್ನ ಉತ್ಸಾಹ ಇಳಿದುಹೋಯಿತು. ಸರ್ ಹತ್ತಿರ ಹೋಗಿ, ಇದರಲ್ಲಿ ಹೊಸದೇನೂ ಇಲ್ಲ ಅಂದೆ. ಅವರು ಕೇಳಿದರು, "ಇಷ್ಟೆಲ್ಲ ಮೊದಲೇ ಬರೆದಿದ್ರೂ ನಮ್ಮ ವಾರ್ಡಲ್ಲೇ ಮೂರು ದಿನ ಆ ಮಾತು ಓಡಾಡ್ತಲ್ಲ, ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ರೆಕಾರ್ಡ್ ರೂಮಿನಿಂದ ಫೈಲ್ ತರಿಸಿಕೊಂಡೆ. ವೇಳೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ ಎಎಸ್‌ವಿ ಶುರುವಾದದ್ದು 5:50, ಸಿಸ್ಟರ್ ಚಾರ್ಟ್‌ನಲ್ಲಿ 6:15. ಸಿಸ್ಟರ್ ಬರೆದದ್ದೇ ಸರಿ, ಯಾಕೆಂದರೆ ಅವರು ಕೊಡುವಾಗಲೇ ಬರೆಯುತ್ತಾರೆ, ನಾನು ಬರೆದದ್ದು ಡ್ಯೂಟಿ ಮುಗಿಯುವಾಗ. ಎಲ್ಲವನ್ನೂ ಒಂದು ಹಾಳೆಯ ಮೇಲೆ ಗೆರೆ ಎಳೆದು ಜೋಡಿಸುವುದಕ್ಕೆ ನಾಲ್ಕು ಸಂಜೆ ಹೋದವು. ಎಥಿಕ್ಸ್ ಕಮಿಟಿಗೆ ಪತ್ರ ಕೊಟ್ಟೆ. ಹಾವು ಕಡಿತದ ವರದಿ ಜಿಲ್ಲೆಗೆ ಹೋಗಿದೆಯಾ ಅಂತ ನೋಡಿದೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯ. ಇದು ತುಂಬಾ ಒಳ್ಳೆಯ ಕೆಲಸ ಅಂತ ನನ್ನ ಅನಿಸಿಕೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ವರ್ಷಕ್ಕೆ ಸರಾಸರಿ 58,000. ಮನೆಮನೆಗೆ ಹೋಗಿ, ಸಾವು ಹೇಗಾಯಿತು ಅಂತ ಕೇಳಿ ತಿಳಿದ ಲೆಕ್ಕ ಅದು. ಆಸ್ಪತ್ರೆಯ ಫೈಲು ನೋಡಿ ಮಾಡಿದ್ದಲ್ಲ. ಎಷ್ಟೋ ಜನ ಆಸ್ಪತ್ರೆವರೆಗೆ ಬರುವುದೇ ಇಲ್ಲ.

ಇನ್ನು ಉಳಿದದ್ದು ರೋಗಿಯ ಒಪ್ಪಿಗೆ. ಹೆಸರು, ಊರು ಹಾಕದಿದ್ದರೂ ಅವರ ಕಥೆ ಅಚ್ಚಾಗುತ್ತಲ್ಲ, ಸಹಿ ಬೇಕೇ ಬೇಕು. ಕೇಸ್ ರಿಪೋರ್ಟ್ ಹೇಗಿರಬೇಕು ಅಂತ 2013ರಲ್ಲಿ ಬಂದ ಕೇರ್ ಅನ್ನೋ ಮಾರ್ಗಸೂಚಿ ಇದೆ. ಅದರಲ್ಲಿ ರೋಗಿಯ ಮಾತಿಗೇ ಒಂದು ಜಾಗ ಉಂಟು. ತನಗೆ ಏನನಿಸಿತು ಅಂತ ರೋಗಿಯೇ ಹೇಳುವ ಭಾಗ. ಎಷ್ಟೋ ರಿಪೋರ್ಟುಗಳಲ್ಲಿ ಅದು ಖಾಲಿ ಇರುತ್ತೆ, ಇಲ್ಲವೇ ಒಂದು ಸಾಲು ಥ್ಯಾಂಕ್ಸ್ ಇರುತ್ತೆ. ನನಗೂ ಅಷ್ಟೇ ಸಾಕು ಅನಿಸಿತ್ತು. ಒಂದು ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ.

ಅವರು ನನ್ನನ್ನು ಮೊದಲು ಪಂಪ್‌ಸೆಟ್ ಮನೆಗೇ ಕರೆದುಕೊಂಡು ಹೋದರು. ಮೆಕ್ಕೆಜೋಳದ ಹೊಲದ ನಡುವೆ ಎಂಟಡಿ ಉದ್ದಗಲದ ಕೋಣೆ, ಶೀಟಿನ ಮಾಡು. ಗೋಡೆಯಲ್ಲಿ ಸ್ಟಾರ್ಟರ್ ಡಬ್ಬಿ. ಬಾಗಿಲ ಕೆಳಗೆ ಮೂರು ಬೆರಳು ತೂರುವಷ್ಟು ಸಂದು. ಮೂಲೆಯಲ್ಲಿ ಗೊಬ್ಬರದ ಖಾಲಿ ಚೀಲಗಳು, ಅದರಲ್ಲಿ ಇಲಿ ಕಡಿದ ತೂತು. ಹಾವು ಯಾಕೆ ಬಂತು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಈಗ ಅಲ್ಲಿ ಒಂದು ಕಬ್ಬಿಣದ ಮಂಚ ಬಂದಿತ್ತು. ಮೇಲೆ ಸೊಳ್ಳೆಪರದೆ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿದ್ದರು. ಡಿಸ್ಚಾರ್ಜ್ ದಿನ ನಾವು ಹೇಳಿದ್ದದ್ದು. ನೇಪಾಳದ ತರಾಯ್ ಬಯಲಿನಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ, ಸೊಳ್ಳೆಪರದೆ ಒಳಗೆ ಮಲಗುವವರಿಗೆ ಹಾವು ಕಡಿತ ಕಡಿಮೆ ಅಂತ ಕಂಡಿತ್ತು. 2007ರಲ್ಲಿ ಪ್ರಕಟವಾದದ್ದು. ಹಾವು ಕಡಿತದ ಸಂಶೋಧನೆಯಲ್ಲಿ ಇಷ್ಟು ಅಗ್ಗದ, ಇಷ್ಟು ಕೈಗೆಟುಕುವ ಸಂಗತಿ ಇನ್ನೊಂದನ್ನು ನಾನು ಓದಿಲ್ಲ.

ಮನೆಗೆ ಬಂದು ಕೂತೆವು. ಕಾಫಿ ಬಂತು. ಫಾರಂ ತೆಗೆದು, "ಅಣ್ಣಾ, ನಿಮಗೆ ಏನಾದ್ರೂ ನೆನಪಿದೆಯಾ? ಇದ್ರೆ ಹೇಳಿ, ಬರ್ಕೊಳ್ತೀನಿ" ಅಂದೆ.

"ಎಲ್ಲಾ ನೆನಪೈತೆ ಡಾಕ್ಟ್ರಮ್ಮ," ಅಂದರು.

ಸ್ಟ್ರೆಚರ್ ಚಕ್ರ ಹೊಸ್ತಿಲ ಮೇಲೆ ಜಿಗಿದದ್ದು ಅವರಿಗೆ ನೆನಪಿತ್ತು. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದ ಸದ್ದು. ಗಂಟಲಿಗೆ ಟ್ಯೂಬ್ ಇಳಿದದ್ದು. ಎರಡೆರಡು ಗಂಟೆಗೊಮ್ಮೆ ಸಕ್ಷನ್ ಪೈಪ್ ಹಾಕಿ ಕಫ ತೆಗೆಯುವಾಗ ಪ್ರಾಣ ಹೋದಂತಾಗುತ್ತಿದ್ದದ್ದು. "ಒದರಬೇಕು ಅನ್ಸೋದು. ಬಾಯೇ ಇಲ್ಲ, ಕೈಯೇ ಇಲ್ಲ." ಎದೆಯ ಮೂಳೆ ಒತ್ತಿದ್ದು ನೆನಪಿತ್ತು. ಒತ್ತಿದ್ದು ನಾನು. ಮೊದಲ ಎರಡು ದಿನ ಅವರಿಗೆ ನಾವು ನಿದ್ದೆಯ ಔಷಧಿಯನ್ನೂ ಕೊಟ್ಟಿರಲಿಲ್ಲ. ಪ್ರಜ್ಞೆ ಇಲ್ಲದವರಿಗೆ ಯಾಕೆ ಅಂತ ನಾನೇ ಚಾರ್ಟ್‌ನಲ್ಲಿ ಬರೆಯದೆ ಬಿಟ್ಟಿದ್ದೆ.

ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮುಖ ನೋಡದೆ ಹೇಳಿದರು. "ಮೊದಲನೇ ದಿನ ನೀವು ಇನ್ನೊಬ್ರು ಡಾಕ್ಟ್ರಿಗೆ ಹೇಳಿದ್ರಲ್ಲ, ಇವ್ರು ಉಳಿಯೋದು ಡೌಟು ಅಂತ. ಅದೂ ಕೇಳಿಸ್ತು."

ನಾನು ಹೇಳಿದ್ದು ನಿಜ. ಹಾಸಿಗೆಯ ಕಾಲಬಳಿ ನಿಂತು, ಇಂಟರ್ನ್ ಹುಡುಗನಿಗೆ. ಮೆಲ್ಲಗೂ ಹೇಳಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ತಪ್ಪಾಯ್ತು ಅಣ್ಣಾ" ಅಂದೆ. "ಅಯ್ಯೋ ಬಿಡಿ, ನೀವೇ ಅಲ್ವಾ ಉಳಿಸಿದ್ದು," ಅಂದರು ಅವರು. ಅವರ ಹೆಂಡತಿ ಮಾತಾಡಲಿಲ್ಲ. ಅವರಿಗೆ ಈ ವಿಷಯ ಅವತ್ತೇ ಮೊದಲು ಗೊತ್ತಾಯಿತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಸರ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ರಿಪೋರ್ಟುಗಳಲ್ಲೆಲ್ಲ ಪಾಪೆಯ ಅಳತೆ ಇತ್ತು, ಸೀಸೆಗಳ ಲೆಕ್ಕ ಇತ್ತು, ವೆಂಟಿಲೇಟರ್ ದಿನಗಳಿದ್ದವು. ನಾನು ಓದಿದ ಯಾವುದರಲ್ಲೂ ಒಳಗಿದ್ದ ಮನುಷ್ಯನ ಮಾತು ಹೀಗೆ ಕೇಳಿಸಿರಲಿಲ್ಲ. ಪೂರ್ತಿ ರಿಪೋರ್ಟನ್ನು ಅದರ ಸುತ್ತ ತಿರುಗಿಸಿ ಬರೆದೆ. ಕಟ್ಟುಹಾವು ಅಂತ ಅನುಮಾನ ಬಂದ ಗಳಿಗೆಯಿಂದಲೇ ರೋಗಿಗೆ ಕೇಳಿಸುತ್ತಿದೆ ಅಂತಲೇ ನಡೆದುಕೊಳ್ಳಬೇಕು. ನೋವಿಗೆ, ನಿದ್ದೆಗೆ ಹದವಾಗಿ ಔಷಧಿ ಕೊಡಬೇಕು. ಇಇಜಿಯನ್ನು ಮೂರನೇ ದಿನದವರೆಗೆ ಮುಂದೂಡಬಾರದು.

ಮೊದಲ ಜರ್ನಲ್ ಹತ್ತು ದಿನದಲ್ಲಿ ವಾಪಸ್ ಕಳಿಸಿತು. ಹೊಸತನ ಇಲ್ಲ ಅಂತ. ಎರಡನೆಯದು ವಿಮರ್ಶಕರಿಗೆ ಕಳಿಸಿತು. ಒಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಾವನ್ನು ಯಾರೂ ನೋಡಿಲ್ಲ, ಗುರುತಿಲ್ಲ, ರಕ್ತದಲ್ಲಿ ವಿಷ ಪತ್ತೆ ಮಾಡಿಲ್ಲ, ಹಾಗಿದ್ದ ಮೇಲೆ ಕಟ್ಟುಹಾವು ಅಂತ ಹೇಗೆ ಹೇಳುತ್ತೀರಿ? ನಮ್ಮ ಆಸ್ಪತ್ರೆಗಳಲ್ಲಿ ರಕ್ತದ ಹನಿ ಹಾಕಿ ಯಾವ ಹಾವು ಅಂತ ತಿಳಿಯುವ ಕಿಟ್ ಇಲ್ಲ. ಅದಿದ್ದರೆ ಎಷ್ಟೋ ಜೀವಕ್ಕೆ ದಾರಿ ಸುಗಮವಾಗುತ್ತಿತ್ತು. ತಲೆಬರಹದಲ್ಲೇ ಶಂಕಿತ ಅನ್ನುವ ಪದ ಸೇರಿಸಿದೆ. ಬೇರೆ ಕಾರಣಗಳನ್ನು ಒಂದೊಂದಾಗಿ ಹೇಗೆ ಬಿಟ್ಟೆವು ಅಂತ ಒಂದು ಪ್ಯಾರಾ ಜಾಸ್ತಿ ಬರೆದೆ. ಬೆನ್ನುಹುರಿಯ ನೀರಿನ ಪರೀಕ್ಷೆ, ಪೊಟ್ಯಾಶಿಯಂ ಎಲ್ಲ ಅಲ್ಲಿ ಬಂತು. ನಿಜ ಹೇಳಬೇಕೆಂದರೆ ಆ ಪ್ರಶ್ನೆಯಿಂದ ಬರಹ ಗಟ್ಟಿಯಾಯಿತು.

ಕೊನೆಯ ತೊಡಕು ರೋಗಿಯ ಮಾತಿನ ಭಾಗದ್ದು. ಅದನ್ನು 150 ಪದಕ್ಕೆ ಇಳಿಸಿ ಅಂದರು. ಇಳಿಸಿದ ಮೇಲೆ ಅವರಿಗೆ ಫೋನ್ ಮಾಡಿ ಕನ್ನಡದಲ್ಲಿ ಓದಿ ಹೇಳಿದೆ. ಎಲ್ಲ ಕೇಳಿ, "ಸಿಸ್ಟರದ್ದು ಹಾಕಿಲ್ವಾ?" ಅಂದರು.

ಬೆಳಗಿನ ಡ್ಯೂಟಿಯ ಸಿಸ್ಟರ್ ಒಬ್ಬರು ದಿನಾ ಅವರ ಕಣ್ಣಿಗೆ ಮುಲಾಮು ಹಚ್ಚುತ್ತಿದ್ದರು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗುತ್ತೆ, ಅದಕ್ಕೆ. ಹಚ್ಚುವಾಗ, "ಅಣ್ಣಾ, ಬೆಳಗಾಯ್ತು, ಇವತ್ತು ಗುರುವಾರ" ಅಂತಿದ್ದರಂತೆ. ಮರುದಿನ ಶುಕ್ರವಾರ. ಯಾರೂ ಹೇಳಿಕೊಟ್ಟದ್ದಲ್ಲ, ಅವರ ರೂಢಿ ಅದು. "ಆ ಅಮ್ಮ ಹೇಳಿದ್ರಿಂದ್ಲೇ ನಂಗೆ ದಿನ ಲೆಕ್ಕ ಸಿಗೋದು. ಇಲ್ಲಾಂದ್ರೆ ಕತ್ಲಲ್ಲಿ ಏನು ಗೊತ್ತಾಗ್ತದೆ?"

ಸ್ಟ್ರೆಚರ್ ಚಕ್ರದ ಸಾಲು ತೆಗೆದು ಆ ಜಾಗಕ್ಕೆ ಸಿಸ್ಟರ್ ಮಾತು ಹಾಕಿದೆ. ಇಂಗ್ಲಿಷಿಗೆ ತರುವಾಗ 'ಅಣ್ಣಾ' ಹತ್ತಿರ ಬಂದು ನಿಂತೆ. ಸರ್ ಅಂತ ಹಾಕಿ ನೋಡಿದೆ, ಬ್ರದರ್ ಅಂತ ಹಾಕಿ ನೋಡಿದೆ. ಎರಡನ್ನೂ ಅಳಿಸಿ, 'ಅಣ್ಣಾ' ಅಂತಲೇ ಬಿಟ್ಟೆ. ಜರ್ನಲ್‌ನವರು ಅದನ್ನು ಹಾಗೇ ಅಚ್ಚು ಮಾಡಿದರು.